ಫಿಜಿಯೋ ಮುಗಿದರೂ ತೊಡೆಯ ಕೆಲಸ ಮುಗಿದಿಲ್ಲ

ಮೊಣಕಾಲು ಕೀಲು ಬದಲಿಸಿಕೊಂಡು, ಫಿಜಿಯೋಥೆರಪಿ ಮುಗಿಸಿ ಮನೆಗೆ ಬಂದವರಿಂದಲೂ ಅವರ ಮನೆಯವರಿಂದಲೂ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಮೂಳೆ ಮತ್ತು ಫಿಜಿಯೋಥೆರಪಿ ತಜ್ಞರು ಉತ್ತರಿಸಿದ್ದಾರೆ. ಹೊಲಿಗೆಯ ಗಾಯ ಪೂರ್ತಿ ಮಾಗಿ, ತೊಡಕಿಲ್ಲದೆ ಚೇತರಿಸಿಕೊಳ್ಳುತ್ತಿರುವವರಿಗೆ ಈ ಮಾತುಗಳು. ನಿಮ್ಮ ಆಪರೇಷನ್ ಮಾಡಿದ ಡಾಕ್ಟರು ಬೇರೆ ಏನಾದರೂ ಹೇಳಿದ್ದರೆ ಅದನ್ನೇ ಪಾಲಿಸಿ.

ಪ್ರಶ್ನೆ: ನಮ್ಮ ಅವ್ವಗ 64 ವರ್ಷ. ಬಲಗಾಲಿನ ಮೊಣಕಾಲು ಬದಲಿಸಿ ಮೂರು ತಿಂಗಳಾಗ್ಯದ. ಫಿಜಿಯೋ ಮುಗದದ, ‘ಇನ್ನ ಮನ್ಯಾಗ ಅಡ್ಡಾಡ್ರಿ, ಸಾಕು’ ಅಂತ ಹೇಳಿ ಕಳಿಸ್ಯಾರ. ದಿನಾ ಅರ್ಧ ತಾಸು ಅಡ್ಡಾಡ್ತಾಳ, ನೋವೂ ಅಷ್ಟಿಲ್ಲ. ಆದ್ರ ಕುರ್ಚಿಯಿಂದ ಏಳಬೇಕಂದ್ರ ಕೈ ಊರಬೇಕು, ಮಾಳಗಿ ಮೆಟ್ಟಲಾ ಒಂದೊಂದೇ ಹತ್ತತಾಳ. ಅಡ್ಡಾಡೋದು ಹೆಚ್ಚ ಮಾಡಿದ್ರ ಸರಿ ಆಗ್ತದೇನ್ರಿ?
– ಮಗಳು, ಸೇಡಂ

ಉತ್ತರ: ಆಗುವುದಿಲ್ಲ. ನಡಿಗೆಯಿಂದ ಉಸಿರಿನ ಕಸುವು ಹೆಚ್ಚುತ್ತದೆ, ಕಾಲಿನ ಬಿಗಿತ ಕಡಿಮೆಯಾಗುತ್ತದೆ, ಮನಸ್ಸಿಗೂ ಒಳ್ಳೆಯದು. ಆದರೆ ಕುರ್ಚಿಯಿಂದ ಏಳುವ ಬಲ ನಡಿಗೆಯಿಂದ ಬರುವಂಥದ್ದಲ್ಲ. ಸಮನೆಲದ ಮೇಲೆ ನಡೆಯುವಾಗ ಮೊಣಕಾಲು ಮಡಚುವುದೂ ಕಡಿಮೆ, ತೊಡೆಯ ಮುಂಭಾಗದ ದೊಡ್ಡ ಸ್ನಾಯುವಿನ ಮೇಲೆ ಬೀಳುವ ಭಾರವೂ ಕಡಿಮೆ. ಆಪರೇಷನ್ ಆದ ಮೊದಲ ತಿಂಗಳಲ್ಲಿ ಆ ಸ್ನಾಯುವಿನ ಬಲ ಮೊದಲಿದ್ದುದರ ಅರ್ಧಕ್ಕೂ ಕೆಳಗೆ ಇಳಿಯುತ್ತದೆ. ಕೀಲಿನಲ್ಲಿ ಊತ ಇರುವಷ್ಟು ಕಾಲ ನರಗಳೇ ಆ ಸ್ನಾಯುವನ್ನು ತಡೆದು ಹಿಡಿದಿರುತ್ತವೆ, ಎಷ್ಟು ಪ್ರಯತ್ನಿಸಿದರೂ ಅದು ಪೂರ್ತಿ ಬಿಗಿಯಾಗುವುದಿಲ್ಲ. ಜತೆಗೆ ಆಪರೇಷನ್‌ಗೆ ಮುಂಚೆ ವರ್ಷಗಟ್ಟಲೆ ನೋವಿನಿಂದ ಆ ಕಾಲಿಗೆ ಭಾರ ಹಾಕದೆ ಬಂದಿರುತ್ತಾರೆ. ಫಿಜಿಯೋ ನಡೆಯುವ ಎಂಟು ಹತ್ತು ವಾರಗಳಲ್ಲಿ ಹೆಚ್ಚಿನ ಗಮನ ಕಾಲು ಮಡಚುವುದಕ್ಕೆ, ನೆಟ್ಟಗಾಗುವುದಕ್ಕೆ ಹೋಗುತ್ತದೆ. ಬಲ ತುಂಬುವ ಕೆಲಸ ಅಲ್ಲಿಂದ ಶುರುವಾಗಬೇಕು. ದುರ್ದೈವಕ್ಕೆ ನಮ್ಮಲ್ಲಿ ಬಹಳ ಜನ ಅಲ್ಲಿಗೇ ನಿಲ್ಲಿಸುತ್ತಾರೆ.

ಮೊದಲನೆಯದು ಕುರ್ಚಿಯಿಂದ ಏಳುವುದು. ಕೈಯಿರುವ ಗಟ್ಟಿ ಕುರ್ಚಿಯನ್ನು ಬೆನ್ನು ಗೋಡೆಗೆ ತಾಗುವಂತೆ ಇಡಿ. ನಯವಾದ ಶಹಾಬಾದ್ ಕಲ್ಲಿನ ನೆಲದ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಿಂದಕ್ಕೆ ಜಾರುತ್ತದೆ, ಬೀಳುವುದು ಹೀಗೆಯೇ. ಸಾಮಾನ್ಯ ಕುರ್ಚಿಯ ಸೀಟು 17–18 ಇಂಚು ಎತ್ತರ ಇರುತ್ತದೆ. ಅಷ್ಟರಿಂದ ಕೈ ಊರದೆ ಏಳಲಾಗದಿದ್ದರೆ ಕೌದಿಯನ್ನು ಗಟ್ಟಿಯಾಗಿ ಮಡಚಿ ಹಾಕಿ 20–21 ಇಂಚಿಗೆ ಏರಿಸಿ. ಸೀಟಿನ ಅಂಚಿಗೆ ಬಂದು, ಎರಡೂ ಪಾದಗಳನ್ನು ಮೊಣಕಾಲಿಗಿಂತ ತುಸು ಹಿಂದಕ್ಕೆ ಎಳೆದು, ಕೈ ಎದೆಗೆ ಕಟ್ಟಿ, ಮುಂದಕ್ಕೆ ಬಾಗಿ ಏಳಬೇಕು. ಕೂರುವಾಗ ನಾಲ್ಕು ಎಣಿಸುತ್ತಾ ನಿಧಾನವಾಗಿ ಇಳಿಯಬೇಕು. ಧೊಪ್ಪನೆ ಕೂತರೆ ವ್ಯಾಯಾಮದ ಅರ್ಧ ಲಾಭ ಹೋಯಿತು. ಒಂದು ಸುತ್ತಿಗೆ 8–10 ಸಲ, ನಡುವೆ ಒಂದೆರಡು ನಿಮಿಷ ಬಿಟ್ಟು ಮೂರು ಸುತ್ತು.

ಇಲ್ಲಿ ಎಲ್ಲರೂ ಮಾಡುವ ಒಂದು ತಪ್ಪಿದೆ, ಮಾಡುವವರಿಗೆ ಅದು ಗೊತ್ತೂ ಆಗುವುದಿಲ್ಲ. ಆಪರೇಷನ್ ಆದ ಕಾಲನ್ನು ಮುಂದೆ ಚಾಚಿ, ಭಾರವನ್ನೆಲ್ಲ ಒಳ್ಳೆಯ ಕಾಲಿನ ಮೇಲೆ ಹಾಕಿ ಏಳುತ್ತಾರೆ. ಹೀಗೆ ದಿನಕ್ಕೆ ನೂರು ಸಲ ಎದ್ದರೂ ಬಲಿಯುವುದು ಒಳ್ಳೆಯ ಕಾಲೇ. ನೀವು ಅವ್ವನ ಎದುರಿಗೆ ಕೂತು ಅವರ ಸೊಂಟ ನೋಡಿ. ಏಳುವಾಗ ಅದು ಎಡಕ್ಕೆ ವಾಲಿದರೆ ಎಡಪಾದವನ್ನು ನಾಲ್ಕು ಬೆರಳಷ್ಟು ಮುಂದೆ ಇರಿಸಿ. ಬಲಗಾಲು ತಾನಾಗಿ ದುಡಿಯತೊಡಗುತ್ತದೆ.

ಎರಡನೆಯದು ಮೆಟ್ಟಿಲು. ಅಲುಗಾಡದ 4 ಇಂಚಿನ ಮಣೆ ಅಥವಾ ಕಟ್ಟೆಯ ತಗ್ಗು ಮೆಟ್ಟಿಲಿನಿಂದ ಶುರು ಮಾಡಿ, ಒಂದು ಕೈ ಗೋಡೆಗಿರಲಿ. ಆಪರೇಷನ್ ಆದ ಕಾಲಿನ ಇಡೀ ಪಾದ ಮೇಲಿಟ್ಟು, ಆ ಕಾಲಿನಿಂದಲೇ ಮೈ ಎತ್ತಬೇಕು. ಕೆಳಗಿನ ಕಾಲಿನ ಬೆರಳಿಂದ ಮೇಲಕ್ಕೆ ತಳ್ಳಿಕೊಂಡರೆ ಅದು ಮೋಸ. ಮೊಣಕಾಲು ಒಳಕ್ಕೆ ವಾಲದೆ ಕಾಲಿನ ಎರಡನೇ ಬೆರಳ ನೇರಕ್ಕೆ ಇರಲಿ. 10 ಸಲ ಆರಾಮಾಗಿ ಆದರೆ 6 ಇಂಚು, ಆಮೇಲೆ 8 ಇಂಚು. 8 ಇಂಚು ಸಲೀಸಾದ ಮೇಲೆ ಮಾಳಗಿ ಮೆಟ್ಟಿಲನ್ನು ಒಂದೊಂದು ಮೆಟ್ಟಿಲಿಗೆ ಒಂದೊಂದು ಕಾಲಿಟ್ಟು ಹತ್ತಲು ಆಗುತ್ತದೆ. ಇಳಿಯುವುದು ಹತ್ತುವುದಕ್ಕಿಂತ ಕಷ್ಟ, ಅದು ಕೊನೆಗೆ ಬರುತ್ತದೆ. ಅಲ್ಲಿಯವರೆಗೆ ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು.

ಮಲಗಿ ಕಾಲೆತ್ತುವುದು ಫಿಜಿಯೋದಲ್ಲಿ ಮಾಡಿಸಿಯೇ ಇರುತ್ತಾರೆ. ಅದಕ್ಕೆ ಈಗ ಭಾರ ಸೇರಿಸಿ. ಗಟ್ಟಿ ಬಟ್ಟೆಯ ಎರಡು ಚೀಲಗಳಲ್ಲಿ ಕಾಲು ಕಿಲೋದಂತೆ ಮರಳು ತುಂಬಿ, ನಡುವೆ ಪಟ್ಟಿ ಹೊಲಿದು, ಹಿಮ್ಮಡಿಯ ಮೇಲುಗಡೆ ಎರಡೂ ಪಕ್ಕಕ್ಕೆ ಇಳಿಬಿಟ್ಟು ಕಟ್ಟಿ. ಎತ್ತುವಾಗ ಮೊಣಕಾಲು ಸ್ವಲ್ಪ ಜೋತರೂ ಭಾರ ಹೆಚ್ಚಾಯಿತು ಎಂದರ್ಥ. ಪಕ್ಕಕ್ಕೆ ಮಲಗಿ ಕಾಲೆತ್ತುವುದನ್ನೂ ಬಿಡಬೇಡಿ. ನಡೆಯುವಾಗ ಮೈ ಆಚೀಚೆ ತೂಗುವುದು ಮೊಣಕಾಲಿನ ದೋಷವಲ್ಲ, ಸೊಂಟದ ಪಕ್ಕದ ಸ್ನಾಯು ಸೊರಗಿರುವುದು. ಅಡುಗೆಮನೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಒಂಟಿ ಕಾಲಲ್ಲಿ 10 ಸೆಕೆಂಡು ನಿಲ್ಲುವುದು – ಇವು ಒಲೆ ಮೇಲೆ ಹಾಲಿಟ್ಟುಕೊಂಡೇ ಆಗುವ ಕೆಲಸ.

ಬಲದ ವ್ಯಾಯಾಮ ದಿನ ಬಿಟ್ಟು ದಿನ, ವಾರಕ್ಕೆ ಮೂರು ಸಲ ಸಾಕು, ಉಳಿದ ದಿನ ನಡಿಗೆ. ಪ್ರತಿ ಸುತ್ತಿನ ಕೊನೆಯ ಎರಡು ಸಲ ನಿಜಕ್ಕೂ ಕಷ್ಟ ಅನ್ನಿಸಬೇಕು. ಅನ್ನಿಸದಿದ್ದರೆ ಕೌದಿಯ ಒಂದು ಮಡಿಕೆ ತೆಗೆಯಿರಿ. ಹೆಚ್ಚಾಯಿತೋ ಕಡಿಮೆಯಾಯಿತೋ ತಿಳಿಯುವುದು ಮರುದಿನ ಬೆಳಿಗ್ಗೆ. ಹಾಸಿಗೆಯಿಂದ ಏಳುವ ಮುಂಚೆ ದರ್ಜಿ ಟೇಪಿನಿಂದ ಮೊಣಕಾಲು ಚಿಪ್ಪಿನ ನಡುಮಟ್ಟದ ಸುತ್ತಳತೆ ಬರೆದಿಡಿ. ಹಿಂದಿನ ದಿನಕ್ಕಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಏರಿದ್ದರೆ, ಅಥವಾ ನೋವು ರಾತ್ರಿ ಕಳೆದರೂ ಇಳಿಯದಿದ್ದರೆ, ಮುಂದಿನ ಸಲ ಅರ್ಧಕ್ಕೆ ಇಳಿಸಿ. ಪೂರ್ತಿ ಬಿಡುವುದು ಬೇಡ.

ಪ್ರಗತಿ ನೋಡಲು ತಿಂಗಳಿಗೊಮ್ಮೆ ಗಡಿಯಾರ ಹಿಡಿದು, ಕೌದಿ ಇಲ್ಲದ 17 ಇಂಚಿನ ಕುರ್ಚಿಯಿಂದ ಕೈ ಕಟ್ಟಿ 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತಾರೆ ಎಣಿಸಿ. 60–64ರ ಹೆಂಗಸರಿಗೆ 12ರಿಂದ 17 ಸಾಮಾನ್ಯ, 65–69ಕ್ಕೆ 11ರಿಂದ 16. ಅದೇ 65–69ರ ಗಂಡಸರಿಗೆ 12ರಿಂದ 18. ಮೊದಲ ಸಲ ಐದೇ ಬಂದರೂ ಎದೆಗುಂದಬೇಡಿ. ಆರೆಂಟು ವಾರ ಬಿಡದೆ ಮಾಡಿದರೆ ವ್ಯತ್ಯಾಸ ಕಾಣುತ್ತದೆ, ಬಲ ಒಂದು ವರ್ಷದವರೆಗೂ ಏರುತ್ತಲೇ ಹೋಗುತ್ತದೆ.

ಪ್ರಶ್ನೆ: ನಿವೃತ್ತ ಶಿಕ್ಷಕ, 68 ವರ್ಷ. ಎಡ ಮೊಣಕಾಲು ಬದಲಿಸಿ ಎರಡೂವರೆ ತಿಂಗಳು. ಚೆನ್ನಾಗಿ ಮಡಚುತ್ತದೆ, ಆದರೆ ಪೂರ್ತಿ ನೆಟ್ಟಗಾಗುವುದಿಲ್ಲ. ರಾತ್ರಿ ಮೊಣಕಾಲ ಕೆಳಗೆ ದಿಂಬು ಇಟ್ಟರೆ ಮಾತ್ರ ಆರಾಮ. ಇದಕ್ಕೆ ತಲೆ ಕೆಡಿಸಿಕೊಳ್ಳಬೇಕೆ?
– ಬಸವಕಲ್ಯಾಣ

ಉತ್ತರ: ಸರ್, ಆ ದಿಂಬನ್ನು ಇವತ್ತೇ ತೆಗೆಯಿರಿ. ಆರಾಮ ಕೊಡುವುದೂ ಅದೇ, ಕಾಲನ್ನು ಕೊಂಕಾಗಿಯೇ ಉಳಿಸುವುದೂ ಅದೇ. ರಾತ್ರಿಯಿಡೀ ಮಡಚಿದ ಕಾಲಿನ ಹಿಂಭಾಗದ ಸ್ನಾಯು ಆ ಅಳತೆಗೇ ಗಿಡ್ಡವಾಗುತ್ತದೆ.

ನಮ್ಮನ್ನು ಕೇಳಿದರೆ ಮಡಚುವುದಕ್ಕಿಂತ ನೆಟ್ಟಗಾಗುವುದು ಮುಖ್ಯ. ಹತ್ತು ಡಿಗ್ರಿ ಕಡಿಮೆ ಮಡಚಿದರೆ ತಗ್ಗು ಕುರ್ಚಿ ಬಿಡಬೇಕಾದೀತು, ಅಷ್ಟೇ. ಹತ್ತು ಡಿಗ್ರಿ ನೆಟ್ಟಗಾಗದಿದ್ದರೆ ಕಾಲು ಗಿಡ್ಡವಾದಂತೆ ಕುಂಟು ಬರುತ್ತದೆ, ನಿಂತಷ್ಟು ಹೊತ್ತೂ ತೊಡೆ ಬಿಗಿದುಕೊಂಡೇ ಇರಬೇಕು, ಸಂಜೆಗೆ ಸೊಂಟವೂ ಹಿಡಿಯುತ್ತದೆ.

ಗಟ್ಟಿ ಹಾಸಿಗೆಯ ಮೇಲೆ ಕಾಲು ಚಾಚಿ ಮಲಗಿ, ಮೊಣಕಾಲ ಹಿಂದೆ ಎಷ್ಟು ಬೆರಳು ಹೋಗುತ್ತವೆ ನೋಡಿಕೊಳ್ಳಿ, ಇನ್ನೊಂದು ಕಾಲಿನ ಜತೆ ಹೋಲಿಸಿ. ಆಮೇಲೆ ಹಿಮ್ಮಡಿಯ ಕೆಳಗೆ ಮಾತ್ರ ಸುತ್ತಿದ ಟವೆಲ್ ಇಟ್ಟು, ಮೀನಖಂಡ, ಮೊಣಕಾಲು ಎರಡೂ ಗಾಳಿಯಲ್ಲಿ ತೂಗುವಂತೆ ಬಿಡಿ. ಪಾದ ಹೊರಕ್ಕೆ ಹೊರಳದೆ ಬೆರಳು ಮೇಲ್ಮುಖವಾಗಿರಲಿ, ಹೊರಳಿದರೆ ಸೊಂಟ ತಿರುಗಿ ಮೊಣಕಾಲು ತಪ್ಪಿಸಿಕೊಳ್ಳುತ್ತದೆ. ಮೊದಲು 5 ನಿಮಿಷ, ಒಗ್ಗಿದ ಮೇಲೆ 10 ನಿಮಿಷ, ದಿನಕ್ಕೆ ಮೂರು ಸಲ. ಹಿಂದೆ ಸೆಳೆತ ಆಗಲೇಬೇಕು, ಚುಚ್ಚುವ ನೋವು ಆಗಬಾರದು. ಒಗ್ಗಿದ ಮೇಲೆ ಚಿಪ್ಪಿನ ಮೇಲಲ್ಲ, ಅದರ ತುಸು ಮೇಲುಗಡೆ ತೊಡೆಯ ಮೇಲೆ ಒಂದು ಕಿಲೋ ಮರಳಿನ ಚೀಲ ಇಡಬಹುದು. ಟವೆಲ್ ತೆಗೆದ ಕೂಡಲೇ ಮೊಣಕಾಲನ್ನು ಹಾಸಿಗೆಗೆ ಒತ್ತಿ 5 ಸೆಕೆಂಡು ಹಿಡಿಯಿರಿ, ಹತ್ತು ಸಲ. ಚಾಚಿದ್ದನ್ನು ಸ್ನಾಯು ಹಿಡಿದುಕೊಳ್ಳುವುದು ಆಗಲೇ. ಮೂರು ವಾರ ಹೀಗೆ ಮಾಡಿಯೂ ಒಂದು ಬೆರಳಷ್ಟೂ ಕಡಿಮೆಯಾಗದಿದ್ದರೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಹತ್ತು ವಾರ ಆದರೂ ಕಾಲು 90 ಡಿಗ್ರಿಗಿಂತ ಮುಂದೆ ಮಡಚವಲ್ದು. ಊರಲ್ಲಿ ಒಬ್ಬರು ಎಣ್ಣೆ ಹಚ್ಚಿ ಜೋರಾಗಿ ಮಡಚಿ ಸಡಿಲ ಮಾಡ್ತೀನಿ ಅಂತಾರ. ಮಾಡಿಸಲೇನು?
– ಯಾದಗಿರಿ

ಉತ್ತರ: ಬೇಡ. ಬಲವಂತದಿಂದ ಮಡಚಿದರೆ ಒಳಗಿನ ನಾರು ಹರಿದು ರಕ್ತ ಇಳಿಯುತ್ತದೆ, ಊತ ಬರುತ್ತದೆ, ಆ ಗಾಯ ಮಾಗುವಾಗ ಮತ್ತಷ್ಟು ನಾರು ಅಂಟುತ್ತದೆ. ಚಿಪ್ಪಿನ ಕೆಳಗಿನ ಸ್ನಾಯುರಜ್ಜು ಕಿತ್ತು ಬಂದರಂತೂ ರಿಪೇರಿ ಬಹಳ ಕಷ್ಟ. ಅದಕ್ಕೆ ಬದಲು ಈ ವಾರವೇ ಆಪರೇಷನ್ ಮಾಡಿದ ಡಾಕ್ಟರ ಬಳಿ ಹೋಗಿ. ಅವಸರ ಯಾಕೆಂದರೆ, ಅರಿವಳಿಕೆ ಕೊಟ್ಟು ಕಾಲು ಮಡಚಿ ಅಂಟು ಬಿಡಿಸುವ ವಿಧಾನವೊಂದಿದೆ. ಸಾಮಾನ್ಯವಾಗಿ ಆಪರೇಷನ್ ಆದ ಮೂರು ತಿಂಗಳೊಳಗೆ ಮಾಡಿದರೆ ಅದು ಚೆನ್ನಾಗಿ ಫಲ ಕೊಡುತ್ತದೆ, ಆಮೇಲೆ ನಾರು ಗಟ್ಟಿಯಾಗುತ್ತದೆ. ಬೇಕೋ ಬೇಡವೋ ಅವರು ಹೇಳಲಿ. ನೀವು ಹೋಗುವುದನ್ನು ಮುಂದೂಡಬೇಡಿ.

ಹೋಗುವವರೆಗೂ ಸುಮ್ಮನೆ ಕೂರಬೇಡಿ. ಕುರ್ಚಿಯಲ್ಲಿ ಕೂತು ಆ ಪಾದವನ್ನು ಹಿಂದಕ್ಕೆ ಆದಷ್ಟು ಜಾರಿಸಿ ನೆಲಕ್ಕೆ ಊರಿ. ಈಗ ಪಾದ ಅಲುಗಿಸದೆ ಸೊಂಟವನ್ನು ಸೀಟಿನ ಮೇಲೆ ಮುಂದಕ್ಕೆ ಸರಿಸಿ, ಮಡಿಕೆ ತಾನಾಗಿ ಹೆಚ್ಚುತ್ತದೆ. 20–30 ಸೆಕೆಂಡು ಹಿಡಿದು ಬಿಡಿ, ಹತ್ತು ಸಲ, ದಿನಕ್ಕೆ ನಾಲ್ಕು ಸಲ. ನೆಲದ ಮೇಲೆ ಕಾಲು ಚಾಚಿ ಕೂರಲು ಬಂದರೆ ಕಾಲುಚೀಲ ಹಾಕಿ ಹಿಮ್ಮಡಿಯನ್ನು ತನ್ನ ಕಡೆ ಎಳೆದುಕೊಳ್ಳುವುದಕ್ಕೆ ಶಹಾಬಾದ್ ಕಲ್ಲಿನ ನೆಲದಂಥದ್ದು ಬೇರೊಂದಿಲ್ಲ, ಚೆನ್ನಾಗಿ ಜಾರುತ್ತದೆ. ಅದೇ ಕಾಲುಚೀಲದಲ್ಲಿ ಎದ್ದು ನಡೆಯಬೇಡಿ ಮತ್ತೆ. ನಿಂತಲ್ಲೇ ಇರುವ ಸೈಕಲ್ ಮನೆಯಲ್ಲಿದ್ದರೆ ಸೀಟು ಎತ್ತರಿಸಿ ಶುರು ಮಾಡಿ. ಪೂರ್ತಿ ಸುತ್ತು ಬರಲು ಸುಮಾರು 105–110 ಡಿಗ್ರಿ ಬೇಕು. ಅಲ್ಲಿಯವರೆಗೆ ಹಿಂದೆ ಮುಂದೆ ತೂಗಾಡಿಸಿದರೂ ಸಾಕು, ಹಿಮ್ಮುಖ ಸುತ್ತು ಮೊದಲು ಬರುತ್ತದೆ. ಸೊಂಟ ಎತ್ತಿ ಸುತ್ತು ಮುಗಿಸಿದರೆ ಮಡಚಿದ್ದು ಸೊಂಟ, ಮೊಣಕಾಲಲ್ಲ.

ನೋವಿನ ಗುಳಿಗೆ ಇನ್ನೂ ನಡೆಯುತ್ತಿದ್ದರೆ ವ್ಯಾಯಾಮಕ್ಕೆ ಮುಕ್ಕಾಲು ಗಂಟೆ ಮೊದಲು ತೆಗೆದುಕೊಳ್ಳಿ, ಮುಗಿದ ಮೇಲೆ ಮಂಜುಗಡ್ಡೆ. ನೋವಿಗೆ ಹೆದರಿ ಬಿಗಿಹಿಡಿದ ಕಾಲು ಮಡಚುವುದಿಲ್ಲ.

ಪ್ರಶ್ನೆ: ನೆಲದ ಮೇಲೆ ಊಟಕ್ಕೆ ಕೂರುವುದು, ಚಕ್ಕಳಮಕ್ಕಳ, ನಮಾಜಿಗೆ ಮೊಣಕಾಲೂರುವುದು – ಇವೆಲ್ಲ ಇನ್ನು ಜೀವನಪೂರ್ತಿ ಬಿಟ್ಟಂತೆಯೇ?
– ಕಲಬುರಗಿ

ಉತ್ತರ: ಎಲ್ಲವನ್ನೂ ಒಂದೇ ಗಂಟಿಗೆ ಕಟ್ಟಬೇಡಿ. ಮೊಣಕಾಲೂರಿದರೆ ಒಳಗಿನ ಲೋಹವಾಗಲಿ ಪ್ಲಾಸ್ಟಿಕ್ಕಾಗಲಿ ಒಡೆಯುವುದಿಲ್ಲ. ಆದರೆ ಹೊಲಿಗೆಯ ಪಕ್ಕದ ಚರ್ಮ ಮರಗಟ್ಟಿರುವುದರಿಂದ ವಿಚಿತ್ರ ಅನ್ನಿಸುತ್ತದೆ, ಕೆಲವರಿಗೆ ಮುಳ್ಳು ಚುಚ್ಚಿದಂತೆ. ಮೂರು ನಾಲ್ಕು ತಿಂಗಳ ಮೇಲೆ, ಡಾಕ್ಟರ ಒಪ್ಪಿಗೆ ಪಡೆದು, ಮೊದಲು ಮಂಚದ ಮೇಲೆ, ಆಮೇಲೆ ದಪ್ಪ ಕೌದಿಯ ಮೇಲೆ ಅರ್ಧ ನಿಮಿಷ ಊರಿ ಅಭ್ಯಾಸ ಮಾಡಬಹುದು. ಹಿಮ್ಮಡಿಯ ಮೇಲೆ ಕುಳಿತುಕೊಳ್ಳುವುದು ಬೇರೆ ಮಾತು, ಅದಕ್ಕೆ 150 ಡಿಗ್ರಿಯ ಹತ್ತಿರ ಮಡಚಬೇಕು. ಬದಲಿಸಿದ ಕೀಲು ಬಹುಪಾಲು ಜನರಲ್ಲಿ 110–120ಕ್ಕೆ ನಿಲ್ಲುತ್ತದೆ. ಹಾಗಾಗಿ ನಮಾಜಿಗೆ ಕುರ್ಚಿಯೇ ಸರಿ. ಚಕ್ಕಳಮಕ್ಕಳದಲ್ಲಿ ಮಡಿಕೆಯ ಜತೆ ತಿರುಚೂ ಸೇರಿ ಪ್ಲಾಸ್ಟಿಕ್ ಪದರದ ಅಂಚಿಗೆ ಭಾರ ಬೀಳುತ್ತದೆ, ದಿನನಿತ್ಯದ ರೂಢಿ ಮಾಡಿಕೊಳ್ಳಬೇಡಿ.

ಆದರೆ ನೆಲಕ್ಕೆ ಇಳಿದು ಏಳುವುದನ್ನು ಮಾತ್ರ ಎಲ್ಲರೂ ಕಲಿತಿರಬೇಕು. ಎಂದಾದರೊಮ್ಮೆ ಬಿದ್ದರೆ ಏಳಬೇಕಲ್ಲ. ಗೋಡೆಗೆ ತಾಗಿಸಿದ ಕುರ್ಚಿಯ ಸೀಟನ್ನು ಎರಡೂ ಕೈಯಿಂದ ಹಿಡಿದು, ಒಳ್ಳೆಯ ಕಾಲನ್ನು ಮುಂದಿಟ್ಟು, ಆಪರೇಷನ್ ಆದ ಮೊಣಕಾಲನ್ನು ಕೌದಿಯ ಮೇಲೆ ಊರಿ, ಪಕ್ಕಕ್ಕೆ ಸೊಂಟ ಇಳಿಸಿ. ಏಳುವಾಗ ಅದೇ ದಾರಿ ಹಿಂದಕ್ಕೆ: ಅಂಬೆಗಾಲಿಗೆ ಬಂದು, ಒಳ್ಳೆಯ ಪಾದ ಮುಂದೆ ಊರಿ, ಕುರ್ಚಿ ಒತ್ತಿ ಏಳಿ. ಮೊದಲ ಕೆಲವು ಸಲ ಮನೆಯವರೊಬ್ಬರು ಪಕ್ಕದಲ್ಲಿರಲಿ, ರಟ್ಟೆ ಹಿಡಿದು ಎಳೆಯುವುದು ಬೇಡ.

ಪ್ರಶ್ನೆ: ಹಳ್ಳಿ ಮನೆ, ಕುಕ್ಕರುಗಾಲಲ್ಲಿ ಕೂತು ಮಾಡುವ ಸಂಡಾಸ ಮಾತ್ರ ಅದ. ಏನ್ ಮಾಡೋದು?
– ಚಿಂಚೋಳಿ

ಉತ್ತರ: ಅದರ ಮೇಲೆ ಇಡುವ, ನಡುವೆ ತೂತಿರುವ ಕಮೋಡ್ ಸ್ಟೂಲ್ ಔಷಧಿ ಸಲಕರಣೆ ಅಂಗಡಿಗಳಲ್ಲಿ ಸಿಗುತ್ತದೆ. ಕಬ್ಬಿಣದ್ದು, ಕೈಯಿರುವುದು, ಕಾಲಿಗೆ ರಬ್ಬರ್ ಟೊಪ್ಪಿಗೆ ಇರುವುದು ತೆಗೆದುಕೊಳ್ಳಿ. ಸೀಟು 17–18 ಇಂಚಿರಲಿ. ಹಗುರವಾದ ಪ್ಲಾಸ್ಟಿಕ್ ಸ್ಟೂಲಿಗೆ ತೂತು ಕೊರೆದು ಮಾಡಿದ್ದು ಬೇಡ, ಒಂದು ಕಡೆ ಭಾರ ಬಿದ್ದರೆ ಉರುಳುತ್ತದೆ. ಬಲಗೈ ಕಡೆ ಗೋಡೆಗೆ ಹಿಡಿಕೆ ಹಾಕಿಸುವಾಗ ಟವೆಲ್ ಕಂಬಿ ಸಾಲದು, ಮೈಭಾರ ತಡೆಯುವಂತೆ ಗೋಡೆಗೆ ಬೋಲ್ಟ್ ಹಾಕಿ ಬಿಗಿದಿರಬೇಕು. ಬಚ್ಚಲಿನ ಫರಸಿ ಕಲ್ಲು ಸೋಪಿನ ನೀರು ಬಿದ್ದರೆ ಜಾರುಬಂಡೆ. ರಬ್ಬರ್ ಮ್ಯಾಟ್ ಹಾಕಿ, ಕುರ್ಚಿಯ ಮೇಲೆ ಕೂತು ಸ್ನಾನ ಮಾಡಿ.

ಪ್ರಶ್ನೆ: ನಾಲ್ಕು ತಿಂಗಳಾದರೂ ಸಂಜೆಗೆ ಮೊಣಕಾಲು ಊದುತ್ತದೆ, ಮುಟ್ಟಿದರೆ ಬಿಸಿ. ಒಳಗೆ ಕೀವು ಆಗಿರಬಹುದೆಂದು ಭಯ. ಬಿಸಿ ನೀರಿನ ಶಾಖ ಕೊಡಬಹುದೆ?
– ಗೃಹಿಣಿ, ಹುಮನಾಬಾದ್

ಉತ್ತರ: ದಿನವಿಡೀ ಓಡಾಡಿದ ಮೇಲೆ ಊದಿ, ರಾತ್ರಿ ಮಲಗಿ ಎದ್ದರೆ ಇಳಿಯುವ ಊತ ಆರು ತಿಂಗಳವರೆಗೂ ಇರಬಹುದು. ಇನ್ನೊಂದು ಮೊಣಕಾಲಿಗಿಂತ ತುಸು ಬೆಚ್ಚಗಿರುವುದೂ ಹಾಗೆಯೇ, ಮೂಳೆ ಮತ್ತು ಮೆದು ಅಂಗಾಂಶ ಇನ್ನೂ ಮಾಗುತ್ತಿವೆ. ಇದಕ್ಕೆ ಶಾಖ ಬೇಡ, ಊತ ಹೆಚ್ಚುತ್ತದೆ. ಮಂಜುಗಡ್ಡೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ, ಬರಿ ಮೈಗೆ ತಾಗಿಸಬೇಡಿ. ಮರಗಟ್ಟಿದ ಚರ್ಮಕ್ಕೆ ಅತಿ ತಣ್ಣಗಾಗಿದ್ದು ಗೊತ್ತಾಗದೆ ಬೊಬ್ಬೆ ಬರುತ್ತದೆ. ಕಾಲನ್ನು ಎದೆಮಟ್ಟಕ್ಕಿಂತ ಮೇಲೆ ಇಟ್ಟು ಮಲಗಿ. ಕುರ್ಚಿಯಲ್ಲಿ ಕೂತು ಸ್ಟೂಲಿನ ಮೇಲೆ ಕಾಲಿಟ್ಟರೆ ಊತ ಇಳಿಯುವಷ್ಟು ಎತ್ತರ ಸಿಗುವುದಿಲ್ಲ.

ಕೊಬ್ಬರಿ ಎಣ್ಣೆ ಹಚ್ಚಿ ಹೊಲಿಗೆಯ ಗುರುತಿನ ಮೇಲೆ ಬೆರಳಿನಿಂದ ಮೆಲ್ಲಗೆ ಅಡ್ಡಡ್ಡ ತೀಡಬಹುದು, ಹಕ್ಕಳೆ ಪೂರ್ತಿ ಉದುರಿದ ಮೇಲೆ. ಮೀನಖಂಡವನ್ನು ಹಿಂಡಿ ಮಾಲಿಶ್ ಮಾಡಿಸುವುದು ಬೇಡ.

ಭಯಪಡಬೇಕಾದ ಊತ ಬೇರೆ ಥರ. ಬೆಳಿಗ್ಗೆಯೂ ಇಳಿಯದೆ ದಿನದಿಂದ ದಿನಕ್ಕೆ ಏರುವುದು, ಕೆಂಪು ಹರಡುವುದು, ಗಾಯದಿಂದ ಒಂದು ಹನಿಯಾದರೂ ಸೋರುವುದು, ಜ್ವರ ಚಳಿ, ಚೆನ್ನಾಗಿದ್ದ ಕಾಲು ಇದ್ದಕ್ಕಿದ್ದಂತೆ ನೋಯುವುದು – ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಆಪರೇಷನ್ ಮಾಡಿದ ಡಾಕ್ಟರಿಗೆ ತಿಳಿಸಿ. ಮೆಡಿಕಲ್ ಅಂಗಡಿಯಲ್ಲಿ ಆಂಟಿಬಯೋಟಿಕ್ ಕೇಳಿ ನುಂಗಬೇಡಿ. ಕೀಲಿನ ನೀರು ತೆಗೆದು ಪರೀಕ್ಷಿಸುವ ಮುಂಚೆ ಗುಳಿಗೆ ಬಿದ್ದರೆ ಯಾವ ರೋಗಾಣು ಎಂಬುದು ಪರೀಕ್ಷೆಯಲ್ಲಿ ಸಿಗದೆ ಹೋಗುತ್ತದೆ, ರೋಗಾಣು ಮಾತ್ರ ಲೋಹಕ್ಕೆ ಅಂಟಿಕೊಂಡು ಉಳಿಯುತ್ತದೆ. ಇನ್ನು ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ. ಜತೆಗೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ 108ಕ್ಕೆ ಕರೆ ಮಾಡಿ.

ಪ್ರಶ್ನೆ: ಸಕ್ಕರೆ ಕಾಯಿಲೆ ಇದೆ. ಹೊಸ ಮೊಣಕಾಲಿಗೆ ಇದರಿಂದ ತೊಂದರೆಯೆ? ಹಲ್ಲು ಕೀಳಿಸಬೇಕಾಗಿದೆ.
– ಸುರಪುರ

ಉತ್ತರ: ಗಾಯ ಮಾಗಿದ ಮೇಲೂ, ವರ್ಷಗಳ ನಂತರವೂ, ದೇಹದ ಬೇರೆ ಕಡೆಯ ಸೋಂಕು ರಕ್ತದ ಮೂಲಕ ಕೀಲಿಗೆ ತಲುಪಬಹುದು. ಸಕ್ಕರೆ ಹತೋಟಿ ತಪ್ಪಿದ್ದರೆ ಆ ಅಪಾಯ ಹೆಚ್ಚು. ಹಲ್ಲಿನ ಡಾಕ್ಟರಿಗೆ ಕೀಲು ಬದಲಿಸಿದ ವಿಷಯ ಮೊದಲೇ ಹೇಳಿ. ಹಲ್ಲಿನ ಕೆಲಸಕ್ಕೆ ಮುನ್ನ ಆಂಟಿಬಯೋಟಿಕ್ ಎಲ್ಲರಿಗೂ ಬೇಕಿಲ್ಲ. ನಿಮಗೆ ಬೇಕೆ ಎಂಬುದನ್ನು ಮೂಳೆ ಡಾಕ್ಟರು, ನಿಮ್ಮ ಸಕ್ಕರೆಯ ಮಟ್ಟವನ್ನೂ ಆಪರೇಷನ್ ಆಗಿ ಎಷ್ಟು ಕಾಲವಾಯಿತು ಎಂಬುದನ್ನೂ ನೋಡಿ ಹೇಳುತ್ತಾರೆ. ಆಪರೇಷನ್ ಹೊಸದಾಗಿದ್ದು ಹಲ್ಲಿಗೆ ಅವಸರ ಇಲ್ಲದಿದ್ದರೆ ಕೆಲವು ತಿಂಗಳು ಮುಂದೂಡಿಸುವುದೂ ಉಂಟು.

ಹಲ್ಲಿಗಿಂತ ನಮಗೆ ಚಿಂತೆ ಪಾದದ್ದು. ಬರಿಗಾಲಲ್ಲಿ ಹೊಲಕ್ಕೆ ಹೋಗುವುದು, ಒಡೆದ ಹಿಮ್ಮಡಿ, ಆಣಿಯನ್ನು ಬ್ಲೇಡಿನಿಂದ ಕೊಯ್ಯುವುದು, ಉಗುರಿನ ಮೂಲೆ ಕೀಳುವುದು – ಕೀವಿಗೆ ಬಾಗಿಲು ತೆರೆಯುವುದು ಇಲ್ಲೇ. ಪ್ರತಿ ರಾತ್ರಿ ಪಾದದಡಿ ನೋಡಿಸಿಕೊಳ್ಳಿ. ಮೂತ್ರ ಉರಿಯನ್ನೂ ಉಪೇಕ್ಷಿಸಬೇಡಿ. ಇನ್ನೊಂದು ಮಾತು: ನೋವಿಗೆಂದು ಬದಲಿಸಿದ ಮೊಣಕಾಲಿಗೆ ಯಾರಿಂದಲೂ ಸೂಜಿ ಚುಚ್ಚಿಸಬೇಡಿ. ಅಲ್ಲಿ ಸೂಜಿ ಹಾಕುವುದಿದ್ದರೆ ಆಪರೇಷನ್ ಮಾಡಿದವರೇ, ಪೂರ್ತಿ ಶುಚಿಯಲ್ಲಿ, ಪರೀಕ್ಷೆಗೆ ಮಾತ್ರ.

ಪ್ರಶ್ನೆ: ಸ್ನಾಯು ಬೆಳೆಯಲು ಪ್ರೋಟೀನ್ ಪೌಡರ್ ತರಬೇಕಂತ ಹುಡುಗರು ಹೇಳ್ತಾರ. ನಮ್ಮ ಊಟ ರೊಟ್ಟಿ, ಬ್ಯಾಳಿ. ಸಾಲದೇನ್ರಿ?
– ಜೇವರ್ಗಿ

ಉತ್ತರ: ಅಳತೆ ಸರಿಯಿದ್ದರೆ ಸಾಲುತ್ತದೆ. 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ನಮ್ಮ ಕಲಬುರಗಿ ತೊಗರಿಬೇಳೆ ಮನೆಯಲ್ಲಿರುವಾಗ ಡಬ್ಬಿಗೆ ಯಾಕೆ ದುಡ್ಡು? ತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋದವರಿಗೆ 60–72 ಗ್ರಾಂ. 50 ಗ್ರಾಂ ಹಿಟ್ಟಿನ ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 5, 30 ಗ್ರಾಂ ಬೇಳೆಯ ಒಂದು ಬಟ್ಟಲು ಗಟ್ಟಿ ಬ್ಯಾಳಿಯಲ್ಲಿ 6–7, ಒಂದು ಲೋಟ ಹಾಲಿನಲ್ಲಿ 6, 30 ಗ್ರಾಂ ಶೇಂಗಾದಲ್ಲಿ 7, ಒಂದು ಮೊಟ್ಟೆಯಲ್ಲಿ 6 ಗ್ರಾಂ. ನಾಲ್ಕು ರೊಟ್ಟಿ, ಎರಡು ಬಟ್ಟಲು ಬ್ಯಾಳಿ, ಎರಡು ಲೋಟ ಹಾಲು, ಒಂದಿಷ್ಟು ಶೇಂಗಾ ಹಿಂಡಿ, ಎರಡು ಮೊಟ್ಟೆ ಇದ್ದರೆ 60 ದಾಟಿತು. ಮೊಟ್ಟೆ ತಿನ್ನದವರು ಮಡಕಿಕಾಳು, ಹೆಸರುಕಾಳಿನ ಪಲ್ಯ, ಮೊಸರು ಸೇರಿಸಿಕೊಳ್ಳಿ. ಎಡವುವುದು ಎಲ್ಲಿ ಅಂದರೆ ಸಾರು ನೀರಾಗಿರುತ್ತದೆ, ಬೇಳೆ ತಳದಲ್ಲಿ ಉಳಿದು ಇನ್ನೊಬ್ಬರ ಪಾಲಾಗಿರುತ್ತದೆ. ಎಲ್ಲವನ್ನೂ ರಾತ್ರಿ ಊಟಕ್ಕೇ ಇಟ್ಟುಕೊಳ್ಳದೆ ಮೂರು ಹೊತ್ತಿಗೂ ಹಂಚಿ. ಮೂತ್ರಪಿಂಡದ ತೊಂದರೆ ಇರುವವರಿಗೆ ಈ ಲೆಕ್ಕ ಅಲ್ಲ, ಅವರು ತಮ್ಮ ಡಾಕ್ಟರನ್ನು ಕೇಳಬೇಕು.

ಪ್ರಶ್ನೆ: ಬಸ್ಸಿನಲ್ಲಿ ಹೈದರಾಬಾದಿಗೆ, ಸೊಲ್ಲಾಪುರಕ್ಕೆ ಹೋಗಬಹುದೇ? ಸ್ಕೂಟಿ ಯಾವಾಗ?
– ಆಳಂದ

ಉತ್ತರ: ಮೂರು ತಿಂಗಳಾಗಿದ್ದರೆ ಬಸ್ಸಿಗೆ ಅಡ್ಡಿಯಿಲ್ಲ. ಕಷ್ಟ ಇರುವುದು ಸಾರಿಗೆ ಬಸ್ಸಿನ ಮೊದಲ ಮೆಟ್ಟಿಲಿನಲ್ಲಿ, ಮನೆಯ ಮೆಟ್ಟಿಲಿಗಿಂತ ಬಹಳ ಎತ್ತರ. ಎರಡೂ ಕಡೆಯ ಕಂಬಿ ಹಿಡಿದು ಒಳ್ಳೆಯ ಕಾಲನ್ನು ಮೊದಲು ಇಡಿ. ಕೈಚೀಲ ಬೇರೆಯವರ ಕೈಲಿರಲಿ. ನಡುದಾರಿಯ ಪಕ್ಕದ ಸೀಟು ಹಿಡಿದು, ಕಾಲನ್ನು ದಾರಿಗೆ ಚಾಚಿ, ಗಂಟೆಗೊಮ್ಮೆ ಪಾದ ಮೇಲೆ ಕೆಳಗೆ ಆಡಿಸಿ, ನಿಲ್ದಾಣ ಬಂದಾಗ ಎದ್ದು ನಿಲ್ಲಿ. ಸ್ಕೂಟಿಗೆ ಮೂರು ತಿಂಗಳಿಗಿಂತ ಮೊದಲು ಕೈ ಹಾಕಬೇಡಿ. ಓಡಿಸಲು ಬರುತ್ತದೆಯೇ ಎಂಬುದಲ್ಲ, ವಾಲಿದಾಗ ಆ ಕಾಲೊಂದನ್ನೇ ಊರಿ ಗಾಡಿ ತಡೆಯಬಲ್ಲಿರಾ ಎಂಬುದನ್ನು ನೋಡಬೇಕು. ಒಂಟಿ ಕಾಲಲ್ಲಿ ಏನೂ ಹಿಡಿಯದೆ 10 ಸೆಕೆಂಡು ನಿಲ್ಲಲಾಗದವರು ಕಾಯಿರಿ.

ಪ್ರಶ್ನೆ: ನಡೆದರೆ ಒಳಗೆ ಟಕ್ ಟಕ್ ಅನ್ನುತ್ತದೆ. ಚಿಪ್ಪಿನ ಹೊರಪಕ್ಕ ಸ್ಪರ್ಶವೇ ಇಲ್ಲ.
– ಭಾಲ್ಕಿ

ಉತ್ತರ: ಲೋಹವೂ ಗಟ್ಟಿ ಪ್ಲಾಸ್ಟಿಕ್ಕೂ ತಾಗುವ ಸದ್ದು. ನೋವಿಲ್ಲದಿದ್ದರೆ, ಕಾಲು ಸೋತು ಕುಸಿಯದಿದ್ದರೆ ಬಿಟ್ಟುಬಿಡಿ, ತೊಡೆ ಗಟ್ಟಿಯಾದಂತೆ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಹೊರಪಕ್ಕದ ಮರಗಟ್ಟುವಿಕೆ, ಹೊಲಿಗೆಯ ದಾರಿಯಲ್ಲಿ ಚರ್ಮದ ಸಣ್ಣ ನರ ಕತ್ತರಿಸಿಹೋಗುವುದರಿಂದ. ಆ ಜಾಗ ಕಾಲಕ್ರಮೇಣ ಕಿರಿದಾಗುತ್ತದೆ, ಸ್ವಲ್ಪ ಉಳಿಯಲೂಬಹುದು.

ಪ್ರಶ್ನೆ: ಬೇಸಿಗೆಯಲ್ಲಿ ನಡಿಗೆ ಹೇಗೆ ನಡೆಸುವುದು? ಬೀದರಿನ ಝರಣಿ ನರಸಿಂಹನ ಹರಕೆ ಇದೆ, ನೀರಿನಲ್ಲಿ ನಡೆದು ಹೋಗಬಹುದೆ?
– ಕಮಲಾಪುರ

ಉತ್ತರ: ಮೇ ತಿಂಗಳ 42–43 ಡಿಗ್ರಿಯಲ್ಲಿ ಬೆಳಿಗ್ಗೆ ಏಳರೊಳಗೆ ನಡಿಗೆ ಮುಗಿದಿರಬೇಕು. ಅರ್ಧ ತಾಸನ್ನು ಒಮ್ಮೆಗೇ ಮುಗಿಸಬೇಕೆಂದೇನೂ ಇಲ್ಲ, ಬೆಳಿಗ್ಗೆ ಹದಿನೈದು, ಕತ್ತಲಾದ ಮೇಲೆ ಪಡಸಾಲೆಯಲ್ಲೇ ಹದಿನೈದು ನಿಮಿಷ ಆದರೂ ಲೆಕ್ಕ ಒಂದೇ. ಹಿಮ್ಮಡಿಗೆ ಪಟ್ಟಿ ಇರುವ ಚಪ್ಪಲಿ ಹಾಕಿ. ಹವಾಯಿ ಚಪ್ಪಲಿ ಹಿಡಿದಿಡಲು ಬೆರಳು ಬಿಗಿಹಿಡಿದರೆ ಹೆಜ್ಜೆ ಗಿಡ್ಡವಾಗುತ್ತದೆ.

ಝರಣಿಯ ಗುಹೆಯಲ್ಲಿ ಎದೆಮಟ್ಟದ ನೀರು ಮೈಭಾರವನ್ನು ಎತ್ತಿ ಹಿಡಿಯುತ್ತದೆ, ಆ ಲೆಕ್ಕಕ್ಕೆ ಮೊಣಕಾಲಿಗೆ ಹಗುರವೇ. ಆದರೆ ಸುಮಾರು 300 ಮೀಟರ್ ದೂರ, ತಳ ಕಾಣುವುದಿಲ್ಲ, ಹೋಗುವವರೂ ಬರುವವರೂ ಅದೇ ಇಕ್ಕಟ್ಟಿನಲ್ಲಿ ತಳ್ಳಾಡುತ್ತಾರೆ. ಹೊಲಿಗೆಯ ಜಾಗದಲ್ಲಿ ಒಂದು ಹಕ್ಕಳೆ ಉಳಿದಿದ್ದರೂ ಆ ನೀರಿಗೆ ಇಳಿಯಬಾರದು. 8 ಇಂಚಿನ ಮೆಟ್ಟಿಲು ಕೈಬಿಟ್ಟು ಹತ್ತಿ ಇಳಿಯಲು ಬಂದ ಮೇಲೆ, ಡಾಕ್ಟರನ್ನೊಮ್ಮೆ ಕೇಳಿ, ಜನ ಕಡಿಮೆ ಇರುವ ದಿನ ಬೆಳಿಗ್ಗೆ, ಮನೆಯವರೊಬ್ಬರನ್ನು ಮುಂದೆ ಒಬ್ಬರನ್ನು ಹಿಂದೆ ಇಟ್ಟುಕೊಂಡು ಹೋಗಿ. ಅಲ್ಲಿಯವರೆಗೆ ಹರಕೆಯ ಕಾಯಿ ಮನೆಯವರ ಕೈಲಿ ಕಳಿಸಬಹುದು.